ದೊಡ್ಡವನಾದ ಮೇಲೆ ಸರಿಹೋಗುತ್ತಾನೆಯೇ?



ನಮ್ಮ ದಾವಣಗೆರೆ, ಹರಿಹರದ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿದೆ. ಹುಡುಗ ಒಂದು ಕಡೆ ಕೂರುವುದಿಲ್ಲ. ಶಾಲೆಯಿಂದ ದೂರು ಬರುತ್ತದೆ. ತಾಯಿ ಕಂಗಾಲಾಗುತ್ತಾಳೆ. ಆಗ ಮನೆಯ ಹಿರಿಯರೊಬ್ಬರು ಸಮಾಧಾನ ಹೇಳುತ್ತಾರೆ: "ಗಂಡುಹುಡುಗ ಅಲ್ಲೇನವ್ವ, ದೊಡ್ಡವನಾದ ಮೇಲೆ ತಾನೇ ಸರಿಹೋಗ್ತಾನೆ ಬಿಡು."

ಈ ಮಾತಿನಲ್ಲಿ ಪ್ರೀತಿಯಿದೆ. ಎಷ್ಟೋ ಮಕ್ಕಳ ವಿಷಯದಲ್ಲಿ ಅದು ನಿಜವೂ ಆಗುತ್ತದೆ. ತುಂಟತನ ಬಾಲ್ಯದ ಹಕ್ಕು. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧದ ಬಗ್ಗೆ ಇಂದು ಮಾತನಾಡುತ್ತೇನೆ.

ಆ ಮಕ್ಕಳಿಗೆ ಇರುವ ತೊಂದರೆಗೆ ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಇದರ ಎರಡು ಮುಖ. ಕೆಲವರಲ್ಲಿ ಒಂದು ಮುಖ ಎದ್ದು ಕಾಣುತ್ತದೆ. ಕೆಲವರಲ್ಲಿ ಎರಡೂ ಇರುತ್ತವೆ. ಇದು ಬಾಲ್ಯದಲ್ಲಿ ಶುರುವಾಗುತ್ತದೆ. ಬಹಳ ಜನರಲ್ಲಿ ಅಲ್ಲಿಗೇ ಮುಗಿಯುವುದಿಲ್ಲ. ವಯಸ್ಸಿನ ಜೊತೆ ರೂಪ ಬದಲಿಸುತ್ತದೆ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ: ತೊಂದರೆ ರೂಪ ಬದಲಿಸಿದಂತೆ ನಮ್ಮ ನೆರವೂ ರೂಪ ಬದಲಿಸಬೇಕು.

ಮೊದಲು ಒಂದು ಅನುಮಾನ ಕಳೆದುಕೊಳ್ಳೋಣ. "ಇದು ಅಮೆರಿಕದವರ ಕಾಯಿಲೆ, ಮೊಬೈಲ್ ಬಂದ ಮೇಲೆ ಹುಟ್ಟಿದ್ದು" ಎನ್ನುವವರಿದ್ದಾರೆ. ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1798ರಲ್ಲೇ ಗಮನ ನಿಲ್ಲದ ಜನರ ಬಗ್ಗೆ ಬರೆದಿದ್ದ. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಲಂಡನ್ನಿನಲ್ಲಿ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನೇ ಕೊಟ್ಟ. ಆಗ ಟಿವಿಯೂ ಇರಲಿಲ್ಲ, ರೇಡಿಯೊ ಪ್ರಸಾರವೂ ಇರಲಿಲ್ಲ.

ನಮ್ಮ ನಾಡಿನ ಲೆಕ್ಕವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರದ ಮಧ್ಯಮ ವರ್ಗದ ಮನೆಗಳು, ಕೊಳೆಗೇರಿಗಳು ಮತ್ತು ಸುತ್ತಲ ಹಳ್ಳಿಗಳಲ್ಲಿ ಸುಮಾರು 2000 ಮಕ್ಕಳನ್ನು ಪರೀಕ್ಷಿಸಿದರು. ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನೂರು ಮಕ್ಕಳಲ್ಲಿ ಸುಮಾರು 12 ಮಕ್ಕಳಿಗೆ ಮನಸ್ಸಿಗೆ ಅಥವಾ ನಡವಳಿಕೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಕಂಡ ಮುಖ್ಯ ತೊಂದರೆಗಳ ಸಾಲಿನಲ್ಲಿ ಅತಿ ಚಟುವಟಿಕೆಯೂ ಸೇರಿತ್ತು. ಪ್ರಪಂಚದ ಲೆಕ್ಕ ನೋಡಿದರೆ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಎಡಿಎಚ್‌ಡಿ ಇದೆ. ಐವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ ಎಂದಾಯಿತು. ನೂರು ಮಂದಿ ವಯಸ್ಕರಲ್ಲಿ ಎರಡು ಮೂರು ಜನರಿಗೆ ಇದೆ. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಎಲ್ಲರಿಗೂ ದೊಡ್ಡವರಾದ ಮೇಲೆ ಸರಿಹೋಗುವಂತಿದ್ದರೆ ಆ ಎರಡು ಮೂರು ಜನ ಇರುತ್ತಿರಲಿಲ್ಲ.

ಈಗ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಮನೆಗೆ ಹೋಗೋಣ. ಆ ಮನೆಯನ್ನೂ ಅಲ್ಲಿನವರನ್ನೂ ನಾನು ಕಲ್ಪಿಸಿಕೊಂಡಿದ್ದೇನೆ. ಆದರೆ ಅವರಿಗೆ ಆಗುವುದೆಲ್ಲ ನಿಜ ಜೀವನದಲ್ಲಿ ಆಗುವಂಥದ್ದೇ. ಅಣ್ಣನಿಗೆ ಏಳು ವರ್ಷ. ತಂಗಿಗೆ ಐದು. ಇವರಿಬ್ಬರ ಜೊತೆಯಲ್ಲೇ ನಾವು ಮೂವತ್ತು ವರ್ಷ ನಡೆದು ಹೋಗೋಣ.

ಅಣ್ಣ ಎರಡನೇ ತರಗತಿ. ಬೆಳಿಗ್ಗೆ ಒಂದು ಕಾಲಿಗೆ ಸಾಕ್ಸ್ ಹಾಕುತ್ತಾನೆ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡುತ್ತಾನೆ. ವಾರಕ್ಕೆರಡು ರಬ್ಬರ್ ಕಳೆಯುತ್ತಾನೆ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತಾನೆ. ಉತ್ತರ ಎಷ್ಟೋ ಸಲ ಸರಿಯೇ ಇರುತ್ತದೆ. ಬರೆಯಲು ಕೂರಿಸಿದರೆ ಮಾತ್ರ ಅರ್ಧ ಪುಟಕ್ಕೆ ಎದ್ದುಬಿಡುತ್ತಾನೆ. ಸಾಲಿನಲ್ಲಿ ನಿಲ್ಲಲಾರ. ಆಟದಲ್ಲಿ ತನ್ನ ಸರದಿ ಬರುವವರೆಗೆ ಕಾಯಲಾರ. ಅದಕ್ಕೇ ಜೊತೆಯ ಹುಡುಗರು ಅವನನ್ನು ಆಟಕ್ಕೆ ಸೇರಿಸಿಕೊಳ್ಳುವುದನ್ನೇ ಬಿಡುತ್ತಾರೆ. ಏಳು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ತಂದೆಗೆ ಒಂದು ಪ್ರಶ್ನೆ ಕಾಡುತ್ತದೆ. "ಟಿವಿಯಲ್ಲಿ ಕ್ರಿಕೆಟ್ ಬಂದರೆ ಮೂರು ತಾಸು ಅಲುಗಾಡದೆ ಕೂರ್ತಾನೆ. ಗಮನ ಇಲ್ಲ ಅಂದರೆ ಹೆಂಗೆ ನಂಬೋದು? ಇದು ಬರೀ ಹಟ."

ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನಮ್ಮ ಭದ್ರಾ ನಾಲೆಯನ್ನೇ ನೆನೆಯೋಣ. ನಾಲೆಯಲ್ಲಿ ನೀರಿದೆ. ಆದರೆ ಗದ್ದೆಗೆ ಬಿಡುವ ತೂಬು ಮಾತು ಕೇಳುವುದಿಲ್ಲ. ಬೇಕೆಂದಾಗ ತೆರೆಯದು, ಸಾಕೆಂದಾಗ ಮುಚ್ಚದು. ಈ ಮಗುವಿನ ಗಮನವೂ ಹಾಗೆ. ಗಮನ ಇದೆ, ಕೆಲವೊಮ್ಮೆ ಧಾರಾಳವಾಗಿಯೇ ಇದೆ. ಕ್ಷಣಕ್ಷಣಕ್ಕೂ ಹೊಸತು ನಡೆಯುವ ಕಡೆ ತಾನಾಗಿ ಹರಿಯುತ್ತದೆ. ಮಗ್ಗಿಯ ಕಡೆ ತಿರುಗಿಸು ಎಂದರೆ ತಿರುಗುವುದಿಲ್ಲ. ತಿರುಗಿಸುವ ಕೆಲಸ ಮಿದುಳಿನದು. ಅದರಲ್ಲೂ ಹಣೆಯ ಹಿಂದಿರುವ ಭಾಗದ್ದು.

ಆ ಭಾಗ ಇಂಥ ಮಕ್ಕಳಲ್ಲಿ ನಿಧಾನವಾಗಿ ಬಲಿಯುತ್ತದೆ. 2007ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 450 ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದರು. ಅರ್ಧದಷ್ಟು ಮಕ್ಕಳಿಗೆ ಎಡಿಎಚ್‌ಡಿ ಇತ್ತು. ಉಳಿದ ಮಕ್ಕಳ ಮಿದುಳಿನ ಹೊರಪದರ ಏಳೂವರೆ ವಯಸ್ಸಿನ ಸುಮಾರಿಗೆ ಮುಟ್ಟಿದ ಹಂತವನ್ನು ಇವರದು ಹತ್ತೂವರೆಗೆ ಮುಟ್ಟಿತು. ಸುಮಾರು ಮೂರು ವರ್ಷ ತಡ. ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್‌ನಂಥ ರಾಸಾಯನಿಕಗಳ ಕೆಲಸದಲ್ಲೂ ವ್ಯತ್ಯಾಸವಿರುತ್ತದೆ.

ಇದು ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ವಂಶದಿಂದ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಮುಕ್ಕಾಲು ಪಾಲು ಕಾರಣ ವಂಶವಾಹಿಗಳಲ್ಲಿದೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ತೀರಾ ಕಡಿಮೆ ಇದ್ದ ಮಕ್ಕಳಲ್ಲಿ ಸಾಧ್ಯತೆ ಹೆಚ್ಚು. ಸಕ್ಕರೆ ತಿಂದರೆ ಬರುವುದಿಲ್ಲ. ತಾಯಿಯ ಮುದ್ದಿನಿಂದ ಬರುವುದಿಲ್ಲ. ತಂದೆ ಹೊಡೆಯದೆ ಬಿಟ್ಟಿದ್ದರಿಂದಲೂ ಬರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೂಡಿಸಿಕೊಳ್ಳೋಣ. ಎಡಿಎಚ್‌ಡಿ ಹೊಸದಲ್ಲ, ಹೊರನಾಡಿನದೂ ಅಲ್ಲ. ಗಮನ ಇದ್ದರೂ ಅದನ್ನು ತಿರುಗಿಸುವ ಶಕ್ತಿ ತಡವಾಗಿ ಬಲಿಯುತ್ತದೆ. ಅದು ಯಾರ ತಪ್ಪೂ ಅಲ್ಲ. ಈಗ ತಂಗಿಯ ಕಡೆ ನೋಡೋಣ.

ತಂಗಿಗೆ ಈಗ ಒಂಬತ್ತು ವರ್ಷ. ಅವಳ ಮೇಲೆ ಯಾರ ದೂರೂ ಇಲ್ಲ. ತೊಂದರೆ ಇರುವುದೇ ಅಲ್ಲಿ. ಅವಳು ಬೆಂಚಿನ ಮೇಲೆ ಸುಮ್ಮನೆ ಕೂರುತ್ತಾಳೆ. ಕಣ್ಣು ಹಲಗೆಯ ಮೇಲೆ, ಮನಸ್ಸು ಎಲ್ಲೋ. ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೆ ಓಗೊಡುತ್ತಾಳೆ. ಲೆಕ್ಕದ ಮೊದಲ ಎರಡು ಹೆಜ್ಜೆ ಸರಿ, ಮೂರನೆಯದರಲ್ಲಿ ಕೂಡುವ ಬದಲು ಕಳೆದಿರುತ್ತಾಳೆ. ಅಮ್ಮ ಅಂಗಡಿಯಿಂದ ಮೂರು ಸಾಮಾನು ತರಲು ಹೇಳಿದರೆ ಒಂದು ತರುತ್ತಾಳೆ. "ಪಾಪ, ಮಂದ ಹುಡುಗಿ" ಎಂದು ಎಲ್ಲರೂ ತೀರ್ಮಾನಿಸುತ್ತಾರೆ.

ಅವಳಿಗೂ ಎಡಿಎಚ್‌ಡಿ ಇದೆ. ಆದರೆ ಅತಿ ಚಟುವಟಿಕೆಯ ಮುಖ ಇಲ್ಲ. ಬಾಲ್ಯದಲ್ಲಿ ಒಬ್ಬ ಹುಡುಗಿಗೆ ಎರಡು ಮೂರು ಹುಡುಗರ ಪ್ರಮಾಣದಲ್ಲಿ ಇದು ಪತ್ತೆಯಾಗುತ್ತದೆ. ದೊಡ್ಡವರಲ್ಲಿ ಈ ಅಂತರ ಬಹಳ ಕಿರಿದಾಗುತ್ತದೆ. ಚಿಕ್ಕಂದಿನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದ ಹುಡುಗಿಯರು ದೊಡ್ಡವರಾದ ಮೇಲೆ ಲೆಕ್ಕಕ್ಕೆ ಬರುವುದು ಇದಕ್ಕೆ ಒಂದು ಕಾರಣ. ಗಲಾಟೆ ಮಾಡುವ ಮಗು ಬೈಗುಳವನ್ನಾದರೂ ಪಡೆಯುತ್ತದೆ. ಸುಮ್ಮನಿರುವ ಮಗು ಏನನ್ನೂ ಪಡೆಯುವುದಿಲ್ಲ. ಶಿಕ್ಷಕ ಮಿತ್ರರೇ, ಕೊನೆಯ ಬೆಂಚಿನ ಮೌನವನ್ನೂ ದಯವಿಟ್ಟು ಗಮನಿಸಿ.

ಅಣ್ಣನ ಚಡಪಡಿಕೆ ಕಾಣುತ್ತದೆ, ತಂಗಿಯ ಮರೆವು ಕಾಣುವುದಿಲ್ಲ. ಮೂಲ ಮಾತ್ರ ಒಂದೇ. ಇನ್ನು ಅವರು ಹದಿಹರೆಯಕ್ಕೆ ಕಾಲಿಡುತ್ತಾರೆ.

ಅಣ್ಣನಿಗೆ ಈಗ ಹದಿನೈದು. ಓಡಾಟ ಕಡಿಮೆಯಾಗಿದೆ. "ನೋಡ್ರಿ, ಸರಿಹೋದ" ಎಂದು ಹಿರಿಯರು ಸಂತೋಷಪಡುತ್ತಾರೆ. ಕಾಲಿನ ಓಟ ನಿಂತಿದ್ದು ನಿಜ. ಅದು ಒಳಕ್ಕೆ ಹೋಗಿದೆ. ಕುಳಿತಲ್ಲೇ ಕುದಿಯುವ ಚಡಪಡಿಕೆಯಾಗಿದೆ. ಇದೇ ಹೊತ್ತಿಗೆ ಹೊರಗಿನ ಬೇಡಿಕೆ ಏರುತ್ತದೆ. ಎರಡನೇ ತರಗತಿಯಲ್ಲಿ ಅಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಆರು ವಿಷಯ. ಯಾವುದನ್ನು ಮೊದಲು ಓದಬೇಕು, ಯಾವುದಕ್ಕೆ ಎಷ್ಟು ಸಮಯ, ಯಾವ ದಿನ ಯಾವ ಪರೀಕ್ಷೆ, ಎಲ್ಲವನ್ನೂ ಅವನೇ ಯೋಚಿಸಬೇಕು. ಮುಂದಾಲೋಚನೆಯೇ ಅವನಿಗೆ ಕಷ್ಟ. ಪರೀಕ್ಷೆ ನಾಳೆ ಎಂದಾಗಲೇ ಅವನಿಗೆ ಪುಸ್ತಕ ಕಾಣುವುದು.

ನಮ್ಮದು ಶಾಲೆ ಕಾಲೇಜುಗಳ ಊರು. ಇಲ್ಲಿ ಅಂಕ ಕಡಿಮೆ ಬಂದವನಿಗೆ ತಲೆ ಎತ್ತುವುದು ಕಷ್ಟ. ಆ ಹೊತ್ತಿಗೆ ಈ ಹುಡುಗ ಹತ್ತು ವರ್ಷದ ಬೈಗುಳ ಕೇಳಿದ್ದಾನೆ. ಮೈಗಳ್ಳ, ಉಡಾಫೆ, ಹೊಣೆಗೇಡಿ. "ಬುದ್ಧಿ ಇದೆ, ಉಪಯೋಗಿಸಲ್ಲ." ದಿನಕ್ಕೆ ಹತ್ತು ಸಲ ಕೇಳಿದ ಮಾತನ್ನು ಮಗು ಕೊನೆಗೆ ನಂಬುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಅದರಲ್ಲಿ ಸ್ವಲ್ಪ ಪಾಲು ಈ ಮಾತುಗಳ ಫಲ ಎಂದು ನಾನು ದೃಢವಾಗಿ ನಂಬುತ್ತೇನೆ. ಮಿದುಳಿನ ನಿಧಾನ ನಮ್ಮ ಕೈಯಲ್ಲಿಲ್ಲ. ನಾವಾಡುವ ಮಾತು ನಮ್ಮ ಕೈಯಲ್ಲಿದೆ.

ಈ ವಯಸ್ಸಿಗೆ ಎರಡು ಅಪಾಯಗಳೂ ಇವೆ. ಮೊದಲನೆಯದು ರಸ್ತೆ. ಯೋಚಿಸುವ ಮೊದಲೇ ಕೈ ಆಕ್ಸಿಲರೇಟರ್ ತಿರುಗಿಸುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಅಪಘಾತ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಪಿ.ಬಿ. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಹೋಗುವ ಹದಿನಾರರ ಹುಡುಗನಿಗೆ ಬೈಕ್ ಕೊಟ್ಟ ಪೋಷಕರು ಇದನ್ನು ಯೋಚಿಸಬೇಕು. ಎರಡನೆಯದು ಚಟ. ಗುಟ್ಕಾ, ಸಿಗರೇಟು, ಕುಡಿತ ಇವರನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತವೆ. ನಿಕೋಟಿನ್ ಕ್ಷಣಕಾಲ ಗಮನ ನಿಲ್ಲಿಸಿದಂತೆ ಮಾಡಿ ಆಮೇಲೆ ಬಿಡುವುದಿಲ್ಲ.

ಬಾಲ್ಯದಲ್ಲಿ ಓಟ, ಹದಿಹರೆಯದಲ್ಲಿ ಒಳಗಿನ ಚಡಪಡಿಕೆ, ಜೊತೆಗೆ ಬೈಗುಳದ ಭಾರ. ಇಷ್ಟನ್ನು ಹೊತ್ತುಕೊಂಡು ಅಣ್ಣ ತಂಗಿ ದೊಡ್ಡವರಾಗುತ್ತಾರೆ.

ಅಣ್ಣನಿಗೆ ಮೂವತ್ತೇಳು. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕೆಲಸ. ಅದಕ್ಕೂ ಮುಂಚೆ ಹರಿಹರದಲ್ಲಿ ಒಂದು ಕಡೆ, ಅದಕ್ಕೂ ಮುಂಚೆ ಮತ್ತೆಲ್ಲೋ. ಗಿರಾಕಿಯ ಜೊತೆ ಮಾತಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅವಸರದ ಕೆಲಸ ಬಂದರೆ ಅವನೇ ಮುಂದೆ. ಲೆಕ್ಕದ ಪುಸ್ತಕ ಬರೆಯುವುದು ಮಾತ್ರ ನಾಳೆಗೆ, ನಾಡಿದ್ದಿಗೆ. ಕರೆಂಟ್ ಬಿಲ್ಲಿಗೆ ದುಡ್ಡಿರುತ್ತದೆ, ಕಟ್ಟುವುದು ಮರೆಯುತ್ತದೆ. ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಆ ನಡುವೆ ಆಡಿದ ಮಾತು ಮಾಲೀಕನ ಮನಸ್ಸಿನಲ್ಲಿ ಉಳಿಯುತ್ತದೆ. ಹೆಂಡತಿ ಮಾತಾಡುವಾಗ ಅವನ ಕಣ್ಣು ಬೇರೆಲ್ಲೋ ಹೋಗುತ್ತದೆ. "ನನ್ನ ಮಾತಿಗೆ ಬೆಲೆಯೇ ಇಲ್ಲ" ಎಂದು ಅವಳು ನೋಯುತ್ತಾಳೆ. ಅವನಿಗೆ ಅವಳ ಮೇಲೆ ಪ್ರೀತಿಯಿದೆ. ಅದನ್ನು ತೋರಿಸಲು ಬೇಕಾದ ಗಮನ ನಿಲ್ಲುವುದಿಲ್ಲ.

ತಂಗಿಗೆ ಮೂವತ್ತೈದು. ಎರಡು ಮಕ್ಕಳ ತಾಯಿ. ಮನೆ ನಡೆಸುವುದೆಂದರೆ ನೂರು ಸಣ್ಣ ಕೆಲಸಗಳನ್ನು ಒಟ್ಟಿಗೆ ನೆನಪಿಡುವುದು. ಡಬ್ಬಿ, ಫೀಸು, ಅತ್ತೆಯ ಮಾತ್ರೆ, ಗ್ಯಾಸ್ ಬುಕಿಂಗ್. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ. ಬೇರೆ ಹೆಂಗಸರು ಸಲೀಸಾಗಿ ಮಾಡುವುದು ತನಗೇಕೆ ಆಗುವುದಿಲ್ಲ ಎಂದು ದಿನವೂ ತನ್ನನ್ನೇ ಹಳಿದುಕೊಳ್ಳುತ್ತಾಳೆ. ನಿದ್ದೆ ಬಿಟ್ಟು ಕೆಲಸ ಸರಿದೂಗಿಸುತ್ತಾಳೆ. ದಣಿವು ಹೆಚ್ಚಾಗಿ ವೈದ್ಯರ ಬಳಿ ಹೋದರೆ ಖಿನ್ನತೆಯ ಮಾತ್ರೆ ಸಿಗುತ್ತದೆ. ಖಿನ್ನತೆ ಇರುವುದೂ ಹೌದು. ಅದರ ಅಡಿಯಲ್ಲಿರುವುದನ್ನು ಯಾರೂ ಕೇಳುವುದಿಲ್ಲ.

ಒಂದು ದಿನ ಅವಳು ತನ್ನ ಮಗನನ್ನು ತಜ್ಞರ ಬಳಿ ಕರೆದುಕೊಂಡು ಹೋಗುತ್ತಾಳೆ. ವೈದ್ಯರು ಮಗನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ವಸ್ತು ಕಳೆಯುತ್ತಾನೆಯೇ? ಹೇಳಿದ್ದು ಮರೆಯುತ್ತಾನೆಯೇ? ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುತ್ತಾನೆಯೇ? ಒಂದೊಂದಕ್ಕೂ ಹೌದು ಎನ್ನುತ್ತಾ ಅವಳಿಗೆ ತನ್ನ ಬಾಲ್ಯವೇ ಕಣ್ಣಮುಂದೆ ಬರುತ್ತದೆ. ವಂಶದಲ್ಲಿ ಹರಿದು ಬರುವ ತೊಂದರೆಯಾದ್ದರಿಂದ ಎಷ್ಟೋ ತಂದೆತಾಯಿಗಳು ತಮ್ಮನ್ನು ತಾವು ಗುರುತಿಸಿಕೊಳ್ಳುವುದು ಹೀಗೆಯೇ, ಮಕ್ಕಳ ಮೂಲಕ.

ಹಾಗಾದರೆ ಇದು ಎಂದೂ ಹೋಗುವುದಿಲ್ಲವೇ? ಇದಕ್ಕೂ ಉತ್ತರವಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಈ ತೊಂದರೆ ಇದ್ದ ಸುಮಾರು 550 ಮಕ್ಕಳನ್ನು ಅವರು ಯುವಕರಾಗುವವರೆಗೆ ಅಧ್ಯಯನಕಾರರು ಹಿಂಬಾಲಿಸಿದರು. ಫಲಿತಾಂಶ 2022ರ ಹೊತ್ತಿಗೆ ಪ್ರಕಟವಾಯಿತು. ಹತ್ತರಲ್ಲಿ ಒಬ್ಬರಿಗೆ ತೊಂದರೆ ಪೂರ್ತಿ ಹೋಗಿ ಮತ್ತೆ ಬರಲಿಲ್ಲ. ಹತ್ತರಲ್ಲಿ ಒಬ್ಬರಿಗೆ ಒಂದೇ ಸಮನೆ ಉಳಿಯಿತು. ಹತ್ತರಲ್ಲಿ ಆರು ಜನರಿಗೆ ಏರಿಳಿತ. ಕೆಲವು ವರ್ಷ ತಗ್ಗುತ್ತದೆ, ಮತ್ತೆ ಏರುತ್ತದೆ. ನಮ್ಮ ಹಿರಿಯರ ಮಾತಿಗೆ ಇದೇ ಉತ್ತರ. ತಗ್ಗಿದ ಕಾಲವನ್ನು ನೋಡಿ "ಸರಿಹೋಯಿತು" ಎಂದರೆ ಏರಿದ ಕಾಲಕ್ಕೆ ಅವರ ಕೈ ಹಿಡಿಯುವವರು ಇರುವುದಿಲ್ಲ.

ಇಷ್ಟು ಹೊತ್ತು ತೊಂದರೆಯ ಬಗ್ಗೆ ಮಾತಾಡಿದೆವು. ಇನ್ನು ಪರಿಹಾರ. ಮೊದಲು ಪತ್ತೆ, ಆಮೇಲೆ ಮನೆ ಮತ್ತು ಶಾಲೆ, ಆಮೇಲೆ ಔಷಧಿ.

ಪತ್ತೆಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ವೈದ್ಯರು ಮಾತಾಡಿಸಿ, ಗಮನಿಸಿ, ಶಾಲೆಯವರನ್ನೂ ಕೇಳಿ ತೀರ್ಮಾನಿಸಬೇಕು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇರಬೇಕು. ಆರು ತಿಂಗಳಾದರೂ ಇರಬೇಕು. ಮನೆಯಲ್ಲಿ ಮಾತ್ರ ಇದ್ದು ಶಾಲೆಯಲ್ಲಿ ಇಲ್ಲದಿದ್ದರೆ ಸಾಲದು, ಎರಡು ಕಡೆಯಾದರೂ ಕಾಣಬೇಕು. ಮೂವತ್ತನೇ ವಯಸ್ಸಿನಲ್ಲಿ ಹೊಸದಾಗಿ ಮರೆವು ಬಂದರೆ ಬೇರೆ ಕಾರಣ ಹುಡುಕಬೇಕು. ಮಗುವಿನ ಕಣ್ಣು, ಕಿವಿ, ನಿದ್ದೆ, ರಕ್ತಹೀನತೆ ಇವನ್ನೂ ನೋಡಬೇಕು. ಹಲಗೆ ಕಾಣದ ಮಗುವೂ ಗಮನ ಕೊಡುವುದಿಲ್ಲ. ಓದು ಬರಹದ ಕಲಿಕಾ ನ್ಯೂನತೆ ಜೊತೆಗಿದೆಯೇ ಎಂದೂ ತಿಳಿಯಬೇಕು. ಎಷ್ಟೋ ಮಕ್ಕಳಿಗೆ ಎರಡೂ ಇರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ನ್ಯೂನತೆಗಳನ್ನು ಹೆಸರಿಸಿದೆ. ಕಲಿಕಾ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಸಿಗುತ್ತದೆ. ಅದಕ್ಕೇ ಎರಡನ್ನೂ ಪರೀಕ್ಷಿಸಿ ಎಂದು ಕೇಳಿ.

ಎಲ್ಲಿಗೆ ಹೋಗಬೇಕು? ದೂರ ಹೋಗಬೇಕಿಲ್ಲ. ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ದಾರಿ ತೋರಿಸಿದ್ದು ನಮ್ಮ ರಾಜ್ಯದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ತಂಡ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ನಮ್ಮ ಊರಿನಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ತಂದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಅವರು ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಹಲ್ಲು, ಕಣ್ಣು ನೋಡುವಾಗ ಇದನ್ನೂ ಕೇಳಿ ಎಂದು ಶಿಕ್ಷಕರು ನೆನಪಿಸಬಹುದು. ಮನೆಯಿಂದಲೇ ಕೇಳಬೇಕೆಂದರೆ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416. ಇನ್ನೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು.

ಪತ್ತೆಯಾಯಿತು ಎಂದುಕೊಳ್ಳೋಣ. ಮನೆಯಲ್ಲಿ, ಶಾಲೆಯಲ್ಲಿ ಏನು ಮಾಡಬೇಕು? ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಸ್ನಾನ ಮಾಡು, ಬಟ್ಟೆ ಹಾಕ್ಕೋ, ಚೀಲ ತುಂಬು" ಎಂದರೆ ಮೂರೂ ಹೋಯಿತು. ಮೊದಲು ಸ್ನಾನ. ಅದಾದ ಮೇಲೆ ಬಟ್ಟೆ. ಹತ್ತಿರ ಹೋಗಿ, ಹೆಸರು ಹಿಡಿದು, ಮುಖ ನೋಡಿ ಹೇಳಿ. ಮಾಡಿದ ಕೂಡಲೇ ಮೆಚ್ಚಿ. ತಿಂಗಳ ಕೊನೆಯ ಬಹುಮಾನ ಈ ಮಗುವಿಗೆ ತಲುಪುವುದೇ ಇಲ್ಲ. ಇಪ್ಪತ್ತು ಲೆಕ್ಕವನ್ನು ಐದೈದಾಗಿ ಕೊಡಿ. ಐದಾದ ಮೇಲೆ ಎದ್ದು ಓಡಾಡಲಿ. ಶಿಕ್ಷಕರು ಅವನನ್ನು ಮುಂದಿನ ಸಾಲಿಗೆ ಕರೆಯಲಿ. ಹಲಗೆ ಒರೆಸುವ ಕೆಲಸ, ಪುಸ್ತಕ ಹಂಚುವ ಕೆಲಸ ಅವನಿಗೇ ಕೊಡಲಿ. ಆಟದ ಪೀರಿಯಡ್ ಕಿತ್ತುಕೊಳ್ಳುವ ಶಿಕ್ಷೆ ಮಾತ್ರ ಬೇಡ. ಅವನಿಗೆ ಬೇಕಾದದ್ದನ್ನೇ ಕಿತ್ತುಕೊಂಡಂತೆ ಆಗುತ್ತದೆ.

ದೊಡ್ಡವರಿಗೂ ಇಂಥದೇ ಆಸರೆ ಬೇಕು. ನೆನಪನ್ನು ತಲೆಯಲ್ಲಿಡದೆ ಹೊರಗಿಡಿ. ಗೋಡೆಯ ಮೇಲೆ ಪಟ್ಟಿ, ಫೋನಿನಲ್ಲಿ ಗಂಟೆ, ಬೀಗದ ಕೈಗೆ ಒಂದೇ ಮೊಳೆ. ಬಿಲ್ಲುಗಳು ಬ್ಯಾಂಕಿನಿಂದ ತಾವಾಗಿ ಹೋಗುವಂತೆ ಮಾಡಿಕೊಳ್ಳಿ. ದೊಡ್ಡ ಖರೀದಿಯನ್ನು ಒಂದು ರಾತ್ರಿ ಕಳೆದ ಮೇಲೆ ತೀರ್ಮಾನಿಸಿ. ಆಪ್ತಸಮಾಲೋಚನೆಯಲ್ಲಿ ಇಂಥ ಅಭ್ಯಾಸಗಳನ್ನು ಕ್ರಮವಾಗಿ ಕಲಿಸುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು. ಅಲಕ್ಷ್ಯ ಎಂದುಕೊಂಡಿದ್ದು ತೊಂದರೆಯ ಲಕ್ಷಣ ಎಂದು ತಿಳಿದರೆ ಎಷ್ಟೋ ಜಗಳ ಅಲ್ಲಿಗೇ ನಿಲ್ಲುತ್ತದೆ.

ಮನೆಯ ಕ್ರಮ, ಶಾಲೆಯ ಕ್ರಮ, ದೊಡ್ಡವರ ಕ್ರಮ ಹೇಳಿದ್ದಾಯಿತು. ಕೊನೆಯದು ಔಷಧಿ. ಇದರ ಬಗ್ಗೆಯೇ ಭಯ ಹೆಚ್ಚು.

ಮೀಥೈಲ್‌ಫೆನಿಡೇಟ್ ಎಂಬ ಔಷಧಿ ಮೊದಲು ತಯಾರಾದದ್ದು 1944ರಲ್ಲಿ. ಅನೇಕ ದಶಕಗಳ ಬಳಕೆ ಅದರ ಹಿಂದಿದೆ. ಆಟೊಮಾಕ್ಸೆಟಿನ್ ಎಂಬ ಬೇರೆ ಬಗೆಯದೂ ಇದೆ. ಐದಾರು ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರ ತರಬೇತಿ, ಔಷಧಿ ಆಮೇಲಿನ ಮಾತು. ದೊಡ್ಡ ಮಕ್ಕಳ ವಿಷಯದಲ್ಲಿ 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಸುಮಾರು 600 ಮಕ್ಕಳು, 14 ತಿಂಗಳು. ಎಚ್ಚರಿಕೆಯಿಂದ ಕೊಟ್ಟ ಔಷಧಿ ಮುಖ್ಯ ಲಕ್ಷಣಗಳನ್ನು ಚೆನ್ನಾಗಿ ತಗ್ಗಿಸಿತು. ನಡವಳಿಕೆಯ ತರಬೇತಿಯೂ ಜೊತೆಗೂಡಿದಾಗ ಕಡಿಮೆ ಪ್ರಮಾಣದ ಔಷಧಿ ಸಾಕಾಯಿತು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಇದರ ಅಡ್ಡ ಪರಿಣಾಮಗಳು. ಅದಕ್ಕೇ ತೂಕ, ಎತ್ತರ, ನಾಡಿಬಡಿತ ಆಗಾಗ ನೋಡಿಸಬೇಕು. ಮೀಥೈಲ್‌ಫೆನಿಡೇಟ್ ಕಾನೂನಿನ ಬಿಗಿ ನಿಯಮದಡಿ ಬರುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ನೆರೆಮನೆಯ ಮಗುವಿನ ಮಾತ್ರೆಯನ್ನು ಎಂದೂ ಕೊಡಬಾರದು.

"ಚಟವಾಗುತ್ತದೆಯೇ?" ಎಂದು ಕೇಳುತ್ತೀರಿ. ವೈದ್ಯರು ಹೇಳಿದಂತೆ ತೆಗೆದುಕೊಂಡ ಮಕ್ಕಳಲ್ಲಿ ಮುಂದೆ ಚಟ ಹೆಚ್ಚಿದ್ದು ಕಂಡಿಲ್ಲ. ಚಿಕಿತ್ಸೆ ಇಲ್ಲದ ಎಡಿಎಚ್‌ಡಿಯಲ್ಲೇ ಚಟದ ಅಪಾಯ ಹೆಚ್ಚು. ಸ್ವೀಡನ್ ದೇಶದ ಅಧ್ಯಯನವೊಂದರಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಡಸರ ಗಂಭೀರ ರಸ್ತೆ ಅಪಘಾತಗಳು ಗಣನೀಯವಾಗಿ ಕಡಿಮೆ ಇದ್ದವು. ಔಷಧಿ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ ಭಯದಿಂದ ತಪ್ಪಿಸುವುದು ಸರಿಯಲ್ಲ.

ಕೇಳುಗರೇ, ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಕೂಡಿಸುತ್ತೇನೆ. ಎಡಿಎಚ್‌ಡಿ ಬಾಲ್ಯದಲ್ಲಿ ಶುರುವಾಗುತ್ತದೆ. ಓಟದಿಂದ ಚಡಪಡಿಕೆಗೆ, ಚಡಪಡಿಕೆಯಿಂದ ಅಸ್ತವ್ಯಸ್ತ ದಿನಚರಿಗೆ ರೂಪ ಬದಲಿಸುತ್ತದೆ. ಹುಡುಗಿಯರಲ್ಲಿ ಮೌನವಾಗಿ ಅಡಗಿರುತ್ತದೆ. ಯಾವ ವಯಸ್ಸಿನಲ್ಲಿ ಗುರುತಿಸಿದರೂ ನೆರವಿಗೆ ದಾರಿಯಿದೆ.

ನಾಳೆ ಬೆಳಿಗ್ಗೆಯೇ ಮಾಡಬಹುದಾದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮಗುವಿನ ಹಿಂದಿನ ವರ್ಷಗಳ ಶಾಲಾ ವರದಿ ಪತ್ರಗಳನ್ನು ಹುಡುಕಿ ತೆಗೆಯಿರಿ. ಅಂಕ ಬಿಡಿ, ಶಿಕ್ಷಕರ ಷರಾ ಓದಿ. "ಬುದ್ಧಿವಂತ, ಗಮನ ಸಾಲದು", "ಕೆಲಸ ಪೂರ್ತಿ ಮಾಡುವುದಿಲ್ಲ", "ಕೂತಲ್ಲಿ ಕೂರುವುದಿಲ್ಲ". ವರ್ಷದಿಂದ ವರ್ಷಕ್ಕೆ, ಬೇರೆ ಬೇರೆ ಶಿಕ್ಷಕರ ಕೈಬರಹದಲ್ಲಿ ಅದೇ ಮಾತು ಬಂದಿದ್ದರೆ, ಆ ಪತ್ರಗಳನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ತಜ್ಞರಿಗೆ ಅದು ಒಳ್ಳೆಯ ಪುರಾವೆ. ಟ್ರಂಕಿನ ತಳದಲ್ಲಿ ನಿಮ್ಮದೇ ಹಳೆಯ ಪತ್ರ ಸಿಕ್ಕು, ಅದರಲ್ಲೂ ಅದೇ ಷರಾ ಇದ್ದರೆ, ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಮಗುವಿನ ಬಗ್ಗೆ ಕೇಳಿ ಮುಗಿದ ಮೇಲೆ ನಿಮ್ಮ ಬಗ್ಗೆಯೂ ಕೇಳಿ.